ಛಾಯಾಚಿತ್ರವು ಕರೆದ ಕಾಡು

ಕಣ್ಣಾರೆ ಕಾಣದುದನ್ನು ಲೋಕವು ಸುಲಭವಾಗಿ ನಂಬುವುದಿಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ಯೆಲ್ಲೊಸ್ಟೋನ್ ಎಂಬ ಪ್ರದೇಶವುಂಟು. ಅಲ್ಲಿ ಭೂಗರ್ಭದಿಂದ ಕುದಿನೀರು ಆಕಾಶಕ್ಕೆ ಚಿಮ್ಮುವುದೆಂದು ಬೇಟೆಗಾರರು ಹೇಳಿದಾಗ ಪಟ್ಟಣಿಗರು ಕಟ್ಟುಕಥೆಯೆಂದು ನಕ್ಕರು. ಆ ಸಂಶಯವನ್ನು ನೀಗುವುದರಲ್ಲಿ ಛಾಯಾಚಿತ್ರದ ಪಾಲು ದೊಡ್ಡದು.

1871ರಲ್ಲಿ ಹೇಡನ್ ಎಂಬ ಭೂಶಾಸ್ತ್ರಜ್ಞರು ಸರ್ಕಾರದ ಪರವಾಗಿ ಅಲ್ಲಿಗೆ ಹೊರಟಾಗ, ಒಮಾಹಾ ನಗರದ ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ನರೂ ಜೊತೆಗಿದ್ದರು. ಆಗಿನ ಛಾಯಾಗ್ರಹಣವು ತಪಸ್ಸಿಗೆ ಸಮಾನವಾದ ಕೆಲಸ. ಗಾಜಿನ ಫಲಕಕ್ಕೆ ರಾಸಾಯನಿಕ ದ್ರವ್ಯವನ್ನು ಲೇಪಿಸಿ, ಅದು ಒಣಗುವುದರೊಳಗಾಗಿ ಚಿತ್ರವನ್ನು ತೆಗೆದು, ಕತ್ತಲೆಯ ಡೇರೆಯಲ್ಲಿ ಮೂಡಿಸಬೇಕಾಗಿತ್ತು. ಫಲಕಗಳು ಬೇಗನೆ ಆರಲೆಂದು ಜಾಕ್ಸನ್ನರು ಅವನ್ನು ಬುಗ್ಗೆಯ ಬಿಸಿನೀರಿನಲ್ಲಿಯೇ ತೊಳೆದರಂತೆ! ಈ ಚಿತ್ರಗಳನ್ನೂ ಥಾಮಸ್ ಮೊರಾನರ ವರ್ಣಚಿತ್ರಗಳನ್ನೂ ಶಾಸನಸಭೆಯ ಸದಸ್ಯರಿಗೆ ತೋರಿಸಲಾಯಿತು. 1872ನೆಯ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟರ ಅಂಕಿತದಿಂದ ಆ ಪ್ರದೇಶವು ಸಮಸ್ತ ಪ್ರಜೆಗಳ ಉದ್ಯಾನವಾಯಿತು.

ರಕ್ಷಣೆಯ ಬೆನ್ನಿಗೇ ವ್ಯಾಪಾರವೂ ಬಂದಿತು. 1883ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಯು ಉದ್ಯಾನದ ಉತ್ತರದ ಅಂಚಿನ ಸಮೀಪಕ್ಕೆ ತಲುಪಿತು. ಆ ಕಂಪೆನಿಗಾಗಿ ಚಿತ್ರಗಳನ್ನು ತೆಗೆಯುತ್ತಿದ್ದ ಫ್ರಾಂಕ್ ಜೇ ಹೇನ್ಸರು 1884ರಲ್ಲಿ ಉದ್ಯಾನದೊಳಗೇ ಚಿತ್ರಶಾಲೆಯನ್ನು ತೆರೆದರು. 1885ರಿಂದ ರೈಲುಗಾಡಿಯೊಂದನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡು ಊರೂರು ಸುತ್ತಿದರು. 1898ರಲ್ಲಿ ಪ್ರವಾಸಿಗರನ್ನೊಯ್ಯುವ ಕುದುರೆಗಾಡಿಗಳ ಉದ್ಯಮಕ್ಕೂ ಕೈಹಾಕಿದರು. ನೋಡುವ ಆಸೆಯನ್ನು ಹುಟ್ಟಿಸುವವರೂ, ಕರೆದೊಯ್ಯುವವರೂ, ನೆನಪಿಗೆಂದು ಚಿತ್ರವನ್ನು ಮಾರುವವರೂ ಒಬ್ಬರೇ ಆದರು. 1872ರಲ್ಲಿ ಅಲ್ಲಿಗೆ ಹೋದವರು ಸುಮಾರು 300 ಮಂದಿ. ಈಚಿನ ವರ್ಷಗಳಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು.

ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಚಿತ್ರವನ್ನು ನೋಡುತ್ತ, ಮಾಲಿನೀನದಿಯೂ ಹಂಸಗಳ ಜೋಡಿಯೂ ಇನ್ನೂ ಬರೆಯಬೇಕಾಗಿವೆ ಎಂದುಕೊಳ್ಳುತ್ತಾನೆ. ಈ ಚಿತ್ರಗಳಲ್ಲಿಯೂ ಬರೆಯದೆ ಉಳಿದುದೊಂದುಂಟೆಂದು ನಾವು ಬಲ್ಲೆವು. ಆ ಬೆಟ್ಟಗಳಲ್ಲಿ ಕಾಡುಕುರಿಗಳನ್ನು ಬೇಟೆಯಾಡಿ ಬಾಳಿದ ತುಕುಡಿಕಾ ಎಂಬ ಶೋಶೋನಿ ಜನರು 1870ರ ದಶಕದಲ್ಲಿ ತಮ್ಮ ನೆಲೆಯನ್ನು ತೊರೆದು, ಸರ್ಕಾರವು ಗೊತ್ತುಮಾಡಿದ ಮೀಸಲು ಪ್ರದೇಶಗಳಿಗೆ ಹೋಗಬೇಕಾಯಿತು. ಅಂಗಡಿಯಲ್ಲಿ ಮಾರಿದ ಚಿತ್ರಗಳಲ್ಲಿ ಬಹುಮಟ್ಟಿಗೆ ನೀರು, ಬಂಡೆ, ಮರಗಳೇ. ಅವನ್ನು ಕೊಂಡವರು ಆ ಕಾಡು ಅನಾದಿಯಿಂದಲೂ ನಿರ್ಜನವಾಗಿತ್ತೆಂದೇ ತಿಳಿದರು.

ಚಿತ್ರವು ಸುಳ್ಳಾಡಲಿಲ್ಲ; ಪೂರ್ತಿ ಹೇಳಲಿಲ್ಲ, ಅಷ್ಟೆ. ಆದಕಾರಣ ಇಂತಹ ಚಿತ್ರಗಳನ್ನು ಮನೆಯ ಮಕ್ಕಳಿಗೆ ತೋರಿಸುವಾಗ, ಕಾಣುವುದರ ಸೊಬಗಿನೊಡನೆ ಕಾಣದವರ ಕಥೆಯನ್ನೂ ಹೇಳುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.