ಕೆಂಪೇಗೌಡರ ಊರು ಯಲಹಂಕ, ಅವರ ಹಿರಿಯರ ಊರು ನಮ್ಮ ಆವತಿ

ಏರ್‌ಪೋರ್ಟ್‌ ಬಳಿಯ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ 2022ರ ನವೆಂಬರ್‌ನಲ್ಲಿ ಅನಾವರಣ ಆಯ್ತಲ್ಲ, ಆಗ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬರು ಕೇಳಿದ್ದರು: "ಬೆಂಗಳೂರು ಕಟ್ಟಿದವರನ್ನ ತಗೊಂಡೋಗಿ ದೇವನಹಳ್ಳೀಲಿ ಯಾಕೆ ನಿಲ್ಲಿಸಿದ್ದಾರೆ?" ವಿಜಯಪುರದವನಾದ ನನಗೆ ನಗು ಬಂತು. ಕೆಂಪೇಗೌಡರಿಗೆ ದೇವನಹಳ್ಳಿ ಸೀಮೆ ಪರಸ್ಥಳ ಅಲ್ಲ ಸ್ವಾಮಿ, ಅವರ ವಂಶದ ಬೇರು ಇರೋದೇ ಇಲ್ಲಿ.

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೈವೇಯಲ್ಲಿ ಹೋಗುವಾಗ ಆವತಿ ಅಂತ ಒಂದು ಊರು ಸಿಗುತ್ತೆ. ಬೋರ್ಡ್ ಓದಿ ಮುಗಿಸೋದರಲ್ಲಿ ಕಾರು ಮುಂದೆ ಹೋಗಿರುತ್ತೆ. ನಮ್ಮ ಮನೆಯಲ್ಲಿ ಮಾತ್ರ ಮದುವೆ ಮಾತುಕತೆ ಬಂದಾಗಲೆಲ್ಲ ಆ ಊರಿನ ಹೆಸರು ತಪ್ಪದೆ ಬರುತ್ತೆ. "ನಾವೇನು ಸಾಮಾನ್ಯದವರಾ? ಆವತಿ ಮನೆತನ" ಅಂತ ದೊಡ್ಡಪ್ಪ ಮೀಸೆ ತಿರುವುತ್ತಾರೆ. ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ವಂಶವೃಕ್ಷ ಬೇಕಾಯ್ತು. ಓದಿದವನು ಅಂತ ಆ ಕೆಲಸ ನನ್ನ ತಲೆಗೆ ಬಿತ್ತು. ನಾಡಕಚೇರಿಗೆ ಮೂರು ತಲೆಮಾರು ಸಾಕಾಗಿತ್ತು. ನಾನು ಇನ್ನೂ ಹಿಂದಕ್ಕೆ ಹೋಗೋಣ ಅಂತ ಹೊರಟೆ.

ಬಿ.ಎಲ್. ರೈಸ್ 19ನೇ ಶತಮಾನದಲ್ಲಿ ಬರೆದ ಮೈಸೂರು ಗೆಜೆಟಿಯರ್‌ನಲ್ಲಿ ಆವತಿಯ ಕಥೆ ಇದೆ. ನಮ್ಮ ಅಜ್ಜಿ ಹೇಳೋದೂ ಹೆಚ್ಚುಕಡಿಮೆ ಅದೇ. ಕಂಚಿ ಸೀಮೆಯಲ್ಲಿದ್ದ ಒಂದು ಒಕ್ಕಲು ಕುಟುಂಬದ ಹುಡುಗಿಯನ್ನ ಅಲ್ಲಿನ ಪಾಳೇಗಾರ ತನಗೆ ಮದುವೆ ಮಾಡಿಕೊಡಿ ಅಂತ ಬಲವಂತ ಮಾಡಿದ. ಒಪ್ಪದ ಮನೆಯವರು ರಾತ್ರೋರಾತ್ರಿ ಗಾಡಿ ಕಟ್ಟಿದರು. ಪಾಲಾರ್ ನದಿ ತುಂಬಿ ಹರೀತಿತ್ತು. ಆ ಹುಡುಗಿ ಕಿವಿಯ ಓಲೆ ತೆಗೆದು ನೀರಿಗೆ ಹಾಕಿದಳಂತೆ, ಹೊಳೆ ಎರಡು ಭಾಗವಾಗಿ ದಾರಿ ಬಿಟ್ಟಿತಂತೆ. ಹಾಗೆ ಬಂದ ಏಳು ಜನ ಅಣ್ಣತಮ್ಮಂದಿರು ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಲ್ಲಿ ಗಾಡಿ ಬಿಚ್ಚಿದರು. ಆಮೇಲೆ ಕಟ್ಟಿಕೊಂಡ ಹಳ್ಳಿ ಆಹುತಿ, ಅದೇ ಈಗಿನ ಆವತಿ.

ಹೊಳೆ ಬಿರಿದಿದ್ದು ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಗಾಡಿಗಳ ನೆನಪು ಮಾತ್ರ ಸುಳ್ಳಲ್ಲ ಅಂತ ನನಗನ್ನಿಸುತ್ತೆ. ಮೊರಸು ಒಕ್ಕಲಿಗರಲ್ಲಿ 'ಬಂಡಿ ದೇವರು' ಅನ್ನೋ ಆಚರಣೆ ಬಂದಿದೆಯಲ್ಲ. ಅದರ ಇನ್ನೊಂದು ಮುಖ ಭಯಂಕರ: ಮಕ್ಕಳ ಕಿವಿ ಚುಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಎರಡು ಬೆರಳಿನ ತುದಿ ಕತ್ತರಿಸಿ ದೇವರಿಗೆ ಕೊಡಬೇಕಿತ್ತು. ಇದನ್ನ ನಿಲ್ಲಿಸಿದವರು ಕೆಂಪೇಗೌಡರು ಅಂತ ಪ್ರತೀತಿ. ಆದರೂ ರೈಸ್ ಕಾಲದ ಬರಹಗಳಲ್ಲಿ ಈ ಪದ್ಧತಿಯ ಪ್ರಸ್ತಾಪ ಮತ್ತೆ ಬರುತ್ತೆ. ಅಂದರೆ ಪ್ರಭುಗಳ ಅಪ್ಪಣೆ ಎಲ್ಲ ಹಟ್ಟಿಗಳಿಗೂ ಮುಟ್ಟಿರಲಿಲ್ಲ.

ವಂಶಾವಳಿ ಶುರುವಾಗೋದು ರಣಭೈರೇಗೌಡರಿಂದ. ಇವರು ಬರೀ ಕತ್ತಿ ಹಿಡಿದವರಲ್ಲ. ನಾಡಪ್ರಭು ಅಂದರೆ ವಿಜಯನಗರಕ್ಕೆ ಕಪ್ಪ ಕಟ್ಟಬೇಕು, ಯುದ್ಧ ಬಂದರೆ ದಂಡು ಕಳಿಸಬೇಕು, ನಾಡಿನ ವ್ಯಾಜ್ಯ ತೀರಿಸಬೇಕು, ಕೆರೆಕಟ್ಟೆ ನೋಡಿಕೊಳ್ಳಬೇಕು. ಸಿಪಾಯಿಯೂ ಅವರೇ, ಕಾನೂನು ಮಾಡೋರೂ ಅವರೇ. ಇದೇ ಮನೆತನದ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿದರು. ಚಿಕ್ಕಬಳ್ಳಾಪುರದ ಪಾಳೇಗಾರರೂ ಇದೇ ಬಳ್ಳಿಯ ಕುಡಿ. ಮತ್ತೊಂದು ಶಾಖೆಯ ಜಯಪ್ಪಗೌಡರು ಯಲಹಂಕಕ್ಕೆ ಹೋಗಿ ನೆಲೆಸಿದರು. ಅವರಿಂದ ಗಿಡ್ಡೇಗೌಡ, ಆಮೇಲೆ ಕೆಂಪನಂಜೇಗೌಡ, ಅವರ ಮಗ 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿದ ಕೆಂಪೇಗೌಡ.

ಕೋಡ್ ಬರೆಯೋರಿಗೆ ಈ ಪಟ್ಟಿ ನೋಡಿದರೆ ತಲೆ ಕೆಡುತ್ತೆ. ಮನೆದೇವರು ಭೈರವ, ಹಾಗಾಗಿ ಎಲ್ಲಿ ನೋಡಿದರೂ ಭೈರೇಗೌಡ: ರಣಭೈರೇಗೌಡ, ಮಲ್ಲಭೈರೇಗೌಡ, ಸಣ್ಣಭೈರೇಗೌಡ. ತಾತನ ಹೆಸರು ಮೊಮ್ಮಗನಿಗೆ. ಒಂದೇ ಹೆಸರಿನ ಹತ್ತು ವೇರಿಯಬಲ್ ಇದ್ದ ಹಾಗೆ. ಶಾಸನ ನೋಡುವಾಗ ಹೆಸರಿಗಿಂತ ಶಕವರ್ಷ, ಊರು, ಯಾವ ಅರಸನ ಕಾಲ ಅನ್ನೋದನ್ನ ಹಿಡಿದುಕೊಂಡರೆ ದಾರಿ ತಪ್ಪಲ್ಲ. ನಮ್ಮ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ, ಪಿಡಿಎಫ್ ಫೋನಲ್ಲೇ ಓದಬಹುದು. ಇನ್ನೊಂದು ಮಾತು: ಅಲ್ಲಿ ವಿಜಯಪುರ ಅಂತ ಹುಡುಕಬೇಡಿ, ನಮ್ಮೂರಿನ ಹಳೇ ಹೆಸರು ವಡಿಗೇನಹಳ್ಳಿ.

1749ರಲ್ಲಿ ಮೈಸೂರಿನ ದಂಡು ಮುತ್ತಿಗೆ ಹಾಕಿದ ಮೇಲೆ ದೇವನಹಳ್ಳಿ ಕೋಟೆ ಗೌಡರ ಕೈತಪ್ಪಿತು. ಹೈದರ್ ಅಲಿ ಮೊದಲು ಹೆಸರು ಮಾಡಿದ್ದು ಆ ಮುತ್ತಿಗೆಯಲ್ಲೇ. ಕೋಟೆ ಹೋದ ಮನೆತನದ ದಾಯಾದಿಗಳು ಆರಂಬ ಮಾಡಿಕೊಂಡು ಸುತ್ತಲ ಹಳ್ಳಿಗಳಲ್ಲಿ ಉಳಿದರು ಅನ್ನೋದು ನಮ್ಮಜ್ಜಿಯ ವಾದ. ನನಗೆ ಕಾಗದದಲ್ಲಿ ಸಿಕ್ಕಿದ್ದು ಮುತ್ತಾತನವರೆಗೆ ಮಾತ್ರ. ಅಲ್ಲಿಂದ ರಣಭೈರೇಗೌಡರವರೆಗೆ ಗೆರೆ ಎಳೆಯೋಕೆ ಪುರಾವೆ ಇಲ್ಲ, ನಾನು ಎಳೆಯಲೂ ಇಲ್ಲ. ದೊಡ್ಡಪ್ಪನಿಗೆ ಬೇಜಾರಾಯ್ತು.

ಅದಕ್ಕಿಂತ ಜೋರು ಬೇಜಾರು ಆಮೇಲಿನದು. ವಂಶವೃಕ್ಷದ ಅರ್ಜಿಗೆ ಅವರು ಬರೆದುಕೊಟ್ಟ ಚೀಟಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇತ್ತು. ಇಬ್ಬರು ಅತ್ತೆಯಂದಿರು ಇರಲೇ ಇಲ್ಲ. "ಕೊಟ್ಟ ಹೆಣ್ಣು ಕುಲದಿಂದ ಹೊರಗೆ ಅಲ್ವೇನೋ" ಅಂದರು. ಏರ್‌ಪೋರ್ಟ್ ಬಂದ ಮೇಲೆ ಇಲ್ಲಿ ಎಕರೆಗೆ ಏನು ರೇಟು ಅಂತ ನಿಮಗೂ ಗೊತ್ತು, ಆದ್ದರಿಂದ ಇದು ಬರೀ ಹೆಸರಿನ ಜಗಳ ಅಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಸ್ಪಷ್ಟ ಮಾಡಿದೆ. ಕಾನೂನು ಹೇಳಿದೆ, ಕೇಳಲಿಲ್ಲ.

ಕೊನೆಗೆ ಬಾಯಿಬಿಟ್ಟಿದ್ದು ಅಜ್ಜಿ. "ಆವತಿ ಮನೆತನ ಅಂತ ಮೆರೀತೀಯಲ್ಲ, ಆ ಮನೆತನ ಗಾಡಿ ಕಟ್ಟಿದ್ದು ಯಾರಿಗೋಸ್ಕರ? ಒಂದು ಹೆಣ್ಣುಮಗೀಗೋಸ್ಕರ ತಾನೆ? ಹೊಳೆ ದಾಟ್ಸಿದ್ಯಾರು?" ದೊಡ್ಡಪ್ಪ ತುಟಿ ಬಿಚ್ಚಲಿಲ್ಲ. ನಾನು ರೈಸ್ ಕೊಟ್ಟಿರೋ ಪಟ್ಟಿಯನ್ನ ಆ ರಾತ್ರಿ ಮತ್ತೆ ತೆಗೆದು ನೋಡಿದೆ. ಭೈರೇಗೌಡರೆಲ್ಲ ಸಾಲಾಗಿ ಇದ್ದಾರೆ, ಓಲೆ ಕೊಟ್ಟವಳು ಕಥೆಯಲ್ಲಿದ್ದಾಳೆ, ವಂಶಾವಳಿಯಲ್ಲಿಲ್ಲ.

ಮುಂದಿನ ವಾರ ನಾಡಕಚೇರಿಗೆ ಕೊಟ್ಟ ಅರ್ಜಿಯಲ್ಲಿ ತಾತನ ಕೆಳಗೆ ಐದು ಹೆಸರು ಇದ್ದವು, ಅದರಲ್ಲಿ ಮೊದಲನೆಯದು ದೊಡ್ಡತ್ತೆಯದು. ಎಲ್ಲರಿಗಿಂತ ಹಿರಿಯವರು ಅವರೇ. ಸಹಿ ಹಾಕೋಕೆ ಬಂದ ಅತ್ತೆ ಪೆನ್ನು ಹಿಡಿದುಕೊಂಡು, "ಇಲ್ಲಿ ಗಂಡನ ಮನೆ ಹೆಸರು ಬರೀಬೇಕಾ, ಅಪ್ಪನ ಮನೇದಾ?" ಅಂತ ಕೇಳಿದರು. ಅಪ್ಪನ ಹೆಸರು ಬರೀರಿ ಅತ್ತೆ ಅಂದೆ.