ಕ್ರೀಡೆಯಲ್ಲಿ ಪಂಕ್ತಿಭೇದ

ಒಂದೇ ಸಾಲಿನಲ್ಲಿ ಉಣಲು ಕುಳಿತವರಿಗೆ ತಾರತಮ್ಯವೆಣಿಸಿ ಬಡಿಸುವುದಕ್ಕೆ ಪಂಕ್ತಿಭೇದವೆಂದು ಹೆಸರು. ಈ ದೋಷವು ಆಟದ ಬಯಲಿನಲ್ಲಿಯೂ ಉಂಟೆಂಬುದು ವಿಚಾರಾರ್ಹವಾಗಿದೆ.

ಅಮೆರಿಕೆಯಲ್ಲಿ ದಾಸ್ಯವಿಮೋಚನೆಯಾದ ಬಳಿಕ ಕಪ್ಪು ಜನಾಂಗದವರಿಗಾಗಿ ಹೊವರ್ಡ್ (1867), ಟಸ್ಕೀಗಿ (1881) ಮೊದಲಾದ ವಿದ್ಯಾಲಯಗಳು ಸ್ಥಾಪಿತವಾದುವು. ಇಂತಹ ವಿದ್ಯಾಲಯಗಳಲ್ಲಿ ಬೇಸ್‌ಬಾಲ್ ಆಟವೂ ಬೇರೂರಿತು. ಆದರೆ ದೇಶದ ಪ್ರಧಾನ ಕ್ರೀಡಾಸಂಘಗಳು ಆ ಜನರನ್ನು ಹೊರಗಿಟ್ಟಿದ್ದುದರಿಂದ 1920ರಲ್ಲಿ ಅವರದೇ ಆದ ರಾಷ್ಟ್ರೀಯ ಸಂಘವೊಂದು ಹುಟ್ಟಿತು. 1947ರಲ್ಲಿ ಜಾಕಿ ರಾಬಿನ್ಸನ್ನನಿಗೆ ಪ್ರವೇಶವು ದೊರೆತ ಮೇಲೆಯೇ ಆ ಬಾಗಿಲು ತೆರೆಯಿತು.

ನಮ್ಮ ನಾಡಿನ ನಿದರ್ಶನವು ಬೇರೆ ಬಗೆಯದು. ಅಸ್ಪೃಶ್ಯವೆಂದು ಗಣಿಸಲ್ಪಟ್ಟಿದ್ದ ಕುಲದ ಪಲ್ವಂಕರ ಬಾಳೂ ಅವರು ಧಾರವಾಡದಲ್ಲಿ ಜನಿಸಿದವರು. ಅವರ ಚೆಂಡೆಸೆತದ ನೈಪುಣ್ಯವನ್ನು ಬಯಸಿ ಪುಣೆಯ ಹಿಂದೂಗಳು ಅವರನ್ನು ಕ್ರಿಕೆಟ್ ತಂಡಕ್ಕೆ ಸೇರಿಸಿಕೊಂಡರು. ಚಹವನ್ನು ಮಾತ್ರ ಹೊರಗೆ, ಬೇರೆ ಪಾತ್ರೆಯಲ್ಲಿ ಕೊಟ್ಟರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಪಡೆದರೂ ಅವರಿಗೆ ಹಿಂದೂ ತಂಡದ ನಾಯಕಪದವಿಯು ಲಭಿಸಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ಲಭಿಸಿತು.

ಅಲ್ಲಿ ಪಂಕ್ತಿಯೇ ಬೇರೆ. ಇಲ್ಲಿ ಪಂಕ್ತಿಯೊಂದೇ, ಬಡಿಸುವ ಕೈ ಬೇರೆ. ಶಬ್ದಾರ್ಥವನ್ನು ನೋಡಿದರೆ ಎರಡನೆಯದೇ ನಿಜವಾದ ಪಂಕ್ತಿಭೇದವು. ಮೊದಲನೆಯದು ಎಲ್ಲರಿಗೂ ಕಾಣುವುದು. ಎರಡನೆಯದು ಸಮಾನತೆಯ ವೇಷದಲ್ಲಿ ಅಡಗಿರುವುದು. ಆದುದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳ ಸಣ್ಣ ಕಾಲೇಜುಗಳಲ್ಲಿ ಹೊಸ ಆಟವೊಂದನ್ನು ಆರಂಭಿಸುವ ಅಧ್ಯಾಪಕರು ಚೆಂಡು ದಾಂಡುಗಳಿಗಿಂತ ಮೊದಲು ಎರಡನ್ನು ಪರೀಕ್ಷಿಸತಕ್ಕದ್ದು: ಕುಡಿಯುವ ನೀರಿನ ಕೊಡವು ಎಲ್ಲರಿಗೂ ಒಂದೆಯೆ? ನಾಯಕನನ್ನು ಆರಿಸುವಲ್ಲಿ ಆಟವೊಂದೇ ಪ್ರಮಾಣವೆ?