ಸೂಚಿ ಇದ್ದರೂ ಎಲ್ಲ ಹಾಳೆ ತಿರುವುವ ಕಂಪ್ಯೂಟರ್

ಮುಂಗಾರು ಕಾಲಿಟ್ಟಿತೆಂದರೆ ನವಲಗುಂದ, ಕುಂದಗೋಳದ ಕಡೆಯ ರೈತರಿಗೆ ಬೀಜ-ಗೊಬ್ಬರದ ಜೊತೆಗೆ ಇನ್ನೊಂದು ಚಿಂತೆ ಶುರುವಾಗುತ್ತದೆ. ಅದು ಉತಾರದ ಚಿಂತೆ. ಬೆಳೆಸಾಲಕ್ಕೆ ಅದು ಬೇಕು, ಬೆಳೆವಿಮೆಗೂ ಬೇಕು. ಸರ್ಕಾರದ ಭಾಷೆಯಲ್ಲಿ ಇದೇ ಪಹಣಿ. ಹಿಂದೆ ಇದು ತಲಾಠಿಯ ಕೈಬರಹದ ವಹಿಯಿಂದ ಬರಬೇಕಿತ್ತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು.

ಇಷ್ಟೂ ಹಾಳೆಗಳು ಒಂದೇ ರಾಶಿಯಲ್ಲಿವೆ ಎಂದು ಭಾವಿಸಿ. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ತಿರುವಿದರೂ ರಾಶಿ ಮುಗಿಯಲು 231 ದಿನ ಬೇಕು! ಹಾಗಾದರೆ ಕಂಪ್ಯೂಟರ್ ಕ್ಷಣದಲ್ಲಿ ಹುಡುಕುವುದು ಹೇಗೆ?

ಉತ್ತರ ನಿಘಂಟಿನಲ್ಲಿದೆ. 1853ರಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲಿ ಕನ್ನಡ ಕಲಿತ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70 ಸಾವಿರ ಪದಗಳಿವೆ. ‘ಬಣವೆ’ ಎಂಬ ಪದ ಬೇಕಾದರೆ ಯಾರೂ ಮೊದಲ ಪುಟದಿಂದ ಓದುವುದಿಲ್ಲ. ನಡುವೆ ತೆರೆದು, ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದ ಅರ್ಧವನ್ನು ಕೈಬಿಡುತ್ತಾರೆ. ಹೀಗೆ ಅರ್ಧ ಅರ್ಧ ಬಿಡುತ್ತ ಹೋದರೆ 2 ಕೋಟಿಯಲ್ಲಿ ಒಂದನ್ನು ಹಿಡಿಯಲು 25 ಹೆಜ್ಜೆ ಸಾಕು. ಅನುಮಾನವಿದ್ದವರು 2ನ್ನು 2ರಿಂದ ಗುಣಿಸುತ್ತ ಹೋಗಿ ಲೆಕ್ಕ ಹಾಕಬಹುದು.

ಹೀಗೆ ಕ್ರಮವಾಗಿ ಜೋಡಿಸಿದ ಪಟ್ಟಿಗೆ ಕಂಪ್ಯೂಟರ್ ಭಾಷೆಯಲ್ಲಿ ‘ಇಂಡೆಕ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ಸೂಚಿ ಎನ್ನೋಣ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ‘ಬಿ-ಟ್ರೀ’ ಎಂಬ ಬಗೆಯ ಸೂಚಿ. ಅಮೆರಿಕದ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅದನ್ನು ರೂಪಿಸಿದರು. ಅವರ ಪ್ರಬಂಧ 1972ರಲ್ಲಿ ಪ್ರಕಟವಾಯಿತು. ಮರದ ಕೊಂಬೆಯಂತೆ ಕವಲೊಡೆಯುವ ಈ ಸೂಚಿಯ ಒಂದೊಂದು ಪುಟದಲ್ಲಿ 200 ಕವಲುಗಳಿದ್ದರೆ, ನಾಲ್ಕೇ ಪುಟ ನೋಡಿ 160 ಕೋಟಿ ದಾಖಲೆಗಳಲ್ಲಿ ಬೇಕಾದುದನ್ನು ತಲುಪಬಹುದು.

ಆದರೆ ಸೂಚಿ ಇದ್ದ ಮಾತ್ರಕ್ಕೆ ಅದು ಬಳಕೆಗೆ ಬರುತ್ತದೆಂದಲ್ಲ. ಕಿಟೆಲ್ ನಿಘಂಟಿನಲ್ಲಿ ‘ಗಾರ’ ಎಂದು ಕೊನೆಗೊಳ್ಳುವ ಎಲ್ಲ ಪದಗಳನ್ನೂ ಹುಡುಕಲು ಹೇಳಿದರೆ ಏನಾಗುತ್ತದೆ? ಪದಗಳು ಮೊದಲಕ್ಷರದ ಕ್ರಮದಲ್ಲಿವೆ. ಪ್ರಶ್ನೆ ಇರುವುದು ಕೊನೆಯ ಅಕ್ಷರಗಳ ಬಗ್ಗೆ. ಇಡೀ ಪುಸ್ತಕವನ್ನು ಓದದೆ ಗತ್ಯಂತರವಿಲ್ಲ. ಪುಸ್ತಕದಲ್ಲಿ ತಪ್ಪಿಲ್ಲ, ಪ್ರಶ್ನೆಯ ರೂಪ ಕ್ರಮಕ್ಕೆ ಹೊಂದಲಿಲ್ಲ, ಅಷ್ಟೇ.

ಕನ್ನಡದಲ್ಲಿ ಈ ತೊಡಕು ಇನ್ನೊಂದು ವೇಷದಲ್ಲಿ ಬರುತ್ತದೆ. ‘ಅಣ್ಣಿಗೇರಿ’ ಎಂಬ ಹೆಸರನ್ನೇ ನೋಡಿ. ಯೂನಿಕೋಡ್ ಪದ್ಧತಿಯಲ್ಲಿ ‘ಗೇ’ ಅಕ್ಷರದ ಏತ್ವಕ್ಕೆ ಒಂದೇ ಸಂಕೇತವಿದೆ. ಎತ್ವದ ಸಂಕೇತದ ಮುಂದೆ ದೀರ್ಘದ ಸಂಕೇತವನ್ನು ಬೇರೆಯಾಗಿ ಇಟ್ಟರೂ ತೆರೆಯ ಮೇಲೆ ಅದೇ ‘ಗೇ’ ಕಾಣುತ್ತದೆ. ಮೊದಲ ಬಗೆಯಲ್ಲಿ ಊರಿನ ಹೆಸರಿಗೆ 9 ಸಂಕೇತ, ಎರಡನೆಯದರಲ್ಲಿ 10. ದೀರ್ಘವನ್ನು ಬಿಡಿ ಅಚ್ಚಾಗಿ ಇಡುತ್ತಿದ್ದ ಹಳೆಯ ಅಕ್ಷರಶೈಲಿಯ ಬರಹವನ್ನು ಯೂನಿಕೋಡಿಗೆ ತರುವಾಗ ಇಂಥ ಎರಡನೆಯ ರೂಪ ನುಸುಳಬಹುದು. ನವಲಗುಂದ, ಕಲಘಟಗಿಗಳಿಗೆ ಈ ಕಾಟವಿಲ್ಲ. ಅಣ್ಣಿಗೇರಿ, ಕುಂದಗೋಳಗಳಿಗೆ ಉಂಟು. ನೀಲವ್ವ, ಶೇಖಪ್ಪ ಎಂಬ ಹೆಸರಿನವರಿಗೂ ಉಂಟು.

ಒಂದು ಡೇಟಾಬೇಸಿನಲ್ಲಿ ಎರಡೂ ರೂಪಗಳು ಬೆರೆತಿವೆ ಎಂದುಕೊಳ್ಳಿ. ‘ಅಣ್ಣಿಗೇರಿ’ ಎಂದು ಕೇಳಿದರೆ ಕೆಲವರ ದಾಖಲೆ ಸಿಗುತ್ತದೆ, ಕೆಲವರದು ಇಲ್ಲವೇ ಇಲ್ಲ ಎನ್ನುತ್ತದೆ. ದೂರು ಬಂದಾಗ ಪ್ರೋಗ್ರಾಮರ್ ಒಂದು ಉಪಾಯ ಮಾಡುತ್ತಾನೆ: ಪ್ರತಿ ದಾಖಲೆಯ ಹೆಸರನ್ನೂ ಮೊದಲು ಒಂದೇ ರೂಪಕ್ಕೆ ತಿದ್ದಿ ನಂತರ ಹೋಲಿಸು ಎಂದು ಪ್ರಶ್ನೆಯಲ್ಲೇ ಬರೆಯುತ್ತಾನೆ. ಉತ್ತರವೇನೋ ಸರಿಯಾಗಿ ಬರುತ್ತದೆ. ಆದರೆ ಸೂಚಿ ಇರುವುದು ತಿದ್ದದ ಹೆಸರುಗಳ ಕ್ರಮದಲ್ಲಿ. ಕೇಳುತ್ತಿರುವುದು ತಿದ್ದಿದ ಹೆಸರನ್ನು. ಆದ್ದರಿಂದ ಕಂಪ್ಯೂಟರ್ ಸೂಚಿಯನ್ನು ಬದಿಗಿಟ್ಟು ಮೊದಲ ದಾಖಲೆಯಿಂದ ಕೊನೆಯವರೆಗೆ ಒಂದೊಂದನ್ನೇ ತಿದ್ದುತ್ತ ಹೋಗುತ್ತದೆ. ನೂರು ದಾಖಲೆ ಇಟ್ಟು ಪರೀಕ್ಷಿಸುವಾಗ ಈ ದೋಷ ಗೊತ್ತೇ ಆಗುವುದಿಲ್ಲ. ದಾಖಲೆ ಲಕ್ಷಗಳಿಗೆ ಏರಿ, ಕಿಟಕಿಯ ಮುಂದೆ ಪಾಳಿ ಬೆಳೆದಾಗ ಬಯಲಾಗುತ್ತದೆ. ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡ ರೈತನಿಗೆ ಕಾಣುವುದು ‘ಕಂಪ್ಯೂಟರ್ ಸ್ಲೋ ಐತಿ’ ಎಂಬುದಷ್ಟೇ.

ಪರಿಹಾರ ಎರಡು ಬಗೆ. ಒಂದು, ಹಳೆಯ ದಾಖಲೆಗಳನ್ನೆಲ್ಲ ಒಮ್ಮೆ ಒಂದೇ ರೂಪಕ್ಕೆ ತಂದು, ಹೊಸ ಹೆಸರನ್ನು ಒಳಗೆ ಬಿಡುವಾಗಲೇ ತಿದ್ದುವುದು. ಆಗ ಹುಡುಕುವಾಗ ತಿದ್ದಬೇಕಾದುದು ಕೇಳಿದ ಒಂದು ಹೆಸರನ್ನು ಮಾತ್ರ. ಎರಡು, ಮೂಲ ದಾಖಲೆಯನ್ನು ಮುಟ್ಟಬಾರದೆಂದಿದ್ದರೆ, ತಿದ್ದಿದ ರೂಪಕ್ಕೇ ಬೇರೊಂದು ಸೂಚಿ ಕಟ್ಟುವುದು. ಹಾಗೆಂದು ಕಂಡಕಂಡದ್ದಕ್ಕೆಲ್ಲ ಸೂಚಿ ಕಟ್ಟುವುದೂ ಜಾಣತನವಲ್ಲ. ಹೊಸ ದಾಖಲೆ ಬಂದಾಗಲೆಲ್ಲ ಪ್ರತಿ ಸೂಚಿಯನ್ನೂ ತಿದ್ದಬೇಕಾಗುತ್ತದೆ.

ದುರಸ್ತಿಯಾಯಿತೆಂದು ನಂಬುವುದು ಹೇಗೆ? ಹಲವು ಡೇಟಾಬೇಸುಗಳಲ್ಲಿ ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆ ಇದೆ. ಪ್ರಶ್ನೆಗೆ ಉತ್ತರ ಹುಡುಕಲು ಕಂಪ್ಯೂಟರ್ ಯಾವ ದಾರಿ ಹಿಡಿಯುತ್ತದೆ, ಸೂಚಿಯದೋ ಪೂರ್ತಿ ಓದಿನದೋ ಎಂಬುದನ್ನು ಅದು ತೋರಿಸುತ್ತದೆ. ವೈದ್ಯರು ಊಹೆಯ ಮೇಲೆ ಮದ್ದು ಕೊಡದೆ ನಾಡಿ ನೋಡುವಂತೆ, ಒಳ್ಳೆಯ ಪ್ರೋಗ್ರಾಮರ್ ಮೊದಲು ಇದನ್ನು ನೋಡುತ್ತಾನೆ. ತಿದ್ದಿದ ಬಳಿಕ ಮತ್ತೊಮ್ಮೆ ನೋಡುತ್ತಾನೆ. ಉತ್ತರ ಮೊದಲಿನಷ್ಟೇ ಸರಿಯಿದೆಯೇ ಎಂದೂ ಪರೀಕ್ಷಿಸುತ್ತಾನೆ.

ಇದನ್ನು ತಿಳಿಯಲು ಮನೆಯಲ್ಲಿ ಕಂಪ್ಯೂಟರ್ ಇರಲೇಬೇಕೆಂದಿಲ್ಲ. ವಿದ್ಯಾರ್ಥಿಗಳು ತರಗತಿಯ ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಬರೆದು, ಒಬ್ಬರ ಹೆಸರನ್ನು ಎಷ್ಟು ಹೆಜ್ಜೆಯಲ್ಲಿ ಹಿಡಿಯಬಹುದೆಂದು ಎಣಿಸಲಿ. ಆಮೇಲೆ ‘ಪ್ಪ’ ಎಂದು ಮುಗಿಯುವ ಹೆಸರುಗಳನ್ನು ಹುಡುಕಲಿ. ಎರಡರ ವ್ಯತ್ಯಾಸವೇ ಪಾಠ. ತಂದೆ-ತಾಯಿಗಳು ಒಂದು ಮಾತು ನೆನಪಿಡಬೇಕು: ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕಗಳಲ್ಲಿ ಮಗುವಿನ ಹೆಸರು ಒಂದೇ ರೀತಿ ಇರುವಂತೆ ಮೊದಲ ದಿನವೇ ನೋಡಿಕೊಳ್ಳುವುದು ಲೇಸು. ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದರೂ ಓದುವ ಮನುಷ್ಯ ಗುರುತಿಸಿಯಾನು. ಹೇಳಿಕೊಡದ ಹೊರತು ಕಂಪ್ಯೂಟರ್ ಗುರುತಿಸದು.